ಹೆಣ್ಣಿಲಿಗಳ ಮನೆಯಲ್ಲಿ ಬಾಣಂತನ

ದರ್ಜಿಯ ಪ್ಯಾಂಟು ಹರಿಯಬಾರದು. ಹರಿದರೂ ಗಿರಾಕಿಯ ಎದುರು ಹರಿಯಬಾರದು. ಗಿರಾಕಿಯ ಎದುರೇ ಹರಿದರೂ, ಇದು ನಾನೇ ಹೊಲಿದದ್ದು ಎಂದು ಎದೆಯುಬ್ಬಿಸಿ ಹೇಳಿದ ಮರುಗಳಿಗೆಯಲ್ಲಂತೂ ಹರಿಯಲೇಬಾರದು. ಆ ಬೆಳಿಗ್ಗೆ ಇಲಿಮನೆಯ ಬಾಗಿಲಲ್ಲಿ ಮೂರೂ ಒಟ್ಟಿಗೆ ಆದವು.

ಅವನು ಅಲ್ಲಿಗೆ ಹೋದದ್ದು ಹೊಲಿದ ಏಪ್ರನ್ನುಗಳ ಗಂಟು ಒಪ್ಪಿಸುವುದಕ್ಕೆ. ಅವನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದರು. ಸಂಸ್ಥೆಯ ಹಿಂಭಾಗದಲ್ಲಿದ್ದ, ಕಿಟಕಿಯೇ ಇಲ್ಲದ ಉದ್ದನೆಯ ಕಟ್ಟಡಕ್ಕೆ ಬೋರ್ಡಿನ ಮೇಲೆ ಏನೋ ಭಾರೀ ಹೆಸರಿತ್ತು. ಬಾಯಲ್ಲಿ ಎಲ್ಲರಿಗೂ ಅದು ಇಲಿಮನೆ. ಒಳಗೆ ಕಾಲಿಡಬೇಕಾದರೆ ಚಪ್ಪಲಿ ಬಿಟ್ಟು, ಬಟ್ಟೆಯ ಕಾಲುಚೀಲ ಏರಿಸಿ, ಕೈ ತೊಳೆದು, ತಲೆಗೆ ಟೊಪ್ಪಿಗೆ ಹಾಕಬೇಕು. ಈ ವಿಧಿಗಳನ್ನೆಲ್ಲ ನಿಂತು ಮಾಡಿಸುವವರು ಇಲಿಮನೆಯ ಮೇಲ್ವಿಚಾರಕರು. ಮಾತಿಗೊಮ್ಮೆ ‘ಶಿಸ್ತು’ ಎನ್ನುತ್ತಿದ್ದುದರಿಂದ ಅವರ ಬೆನ್ನ ಹಿಂದೆ ಎಲ್ಲರೂ ಅವರನ್ನು ಶಿಸ್ತಪ್ಪ ಎನ್ನುತ್ತಿದ್ದರು. ಅವರ ಎದುರಿಗೂ ಒಮ್ಮೊಮ್ಮೆ ಬಾಯಿ ತಪ್ಪುವುದಿತ್ತು.

“ಪ್ಯಾಂಟು ಚೆನ್ನಾಗಿ ಕೂತಿದೆಯಲ್ಲ,” ಎಂದರು ಶಿಸ್ತಪ್ಪ. “ಎಲ್ಲಿ ಹೊಲಿಸಿದ್ದು?”

“ಹೊಲಿಸೋದೇನು ಸಾರ್, ನಾನೇ. ಬಟ್ಟೆ ಹರಿದರೂ ನನ್ನ ಹೊಲಿಗೆ ಬಿಡಲ್ಲ,” ಎಂದು ಹೇಳಿ ದರ್ಜಿ ಕಾಲುಚೀಲ ಏರಿಸಲು ಬಗ್ಗಿದ.

ಬಟ್ಟೆ ಹರಿಯಲಿಲ್ಲ. ಹೊಲಿಗೆಯೇ ಬಿಟ್ಟಿತು. ಅದೂ ನಾಚಿಕೆಯಿಲ್ಲದೆ, ಸೊಂಟದ ಪಟ್ಟಿಯಿಂದ ಶುರುವಾಗಿ ಕೊನೆಯವರೆಗೆ, ದೊಡ್ಡ ಸದ್ದು ಮಾಡುತ್ತ. ಶಿಸ್ತಪ್ಪ ಗೌರವಪೂರ್ವಕವಾಗಿ ಗೋಡೆಯ ಕಡೆ ತಿರುಗಿದರು. ಒಳಗಿನಿಂದ ಬಂದ ಅತ್ತಿಗೆ ಮುಖದಲ್ಲಿ ಒಂದು ಗೆರೆಯೂ ಅಲುಗಿಸದೆ ಗಂಟು ಬಿಚ್ಚಿ, ಹೊಸ ಏಪ್ರನ್ನೊಂದನ್ನು ಅವನ ಕೈಗಿತ್ತರು.

“ಹಿಂದುಮುಂದು ಮಾಡಿ ಕಟ್ಟಿಕೋ. ಒಳಗಿರೋರು ಯಾರೂ ಬಟ್ಟೆ ಹಾಕಲ್ಲ. ಏನೂ ಅಂದ್ಕೊಳ್ಳಲ್ಲ.”

ಅತ್ತಿಗೆಯ ಮಾತೇ ಹಾಗೆ. ಮನೆಗೆ ಬಂದ ಮೊದಲ ದಿನದಿಂದಲೂ ಹಾಗೆ. ಅಣ್ಣನಿಗೂ ಅವರಿಗೂ ಪರಿಚಯವಾದದ್ದೇ ಹೊಲಿಗೆ ಅಂಗಡಿಯಲ್ಲಿ. ಏಪ್ರನ್ನಿಗೆ ಜೇಬು ಸಾಲದು, ಇನ್ನೂ ನಾಲ್ಕು ಹಚ್ಚಿಕೊಡಿ ಎಂದು ಕೇಳಿಕೊಂಡು ಬಂದಿದ್ದರು. ‘ಇಷ್ಟೊಂದು ಜೇಬಿನಲ್ಲಿ ಏನಿಡ್ತೀರಿ?’ ಎಂದು ಅಣ್ಣ ಕೇಳಿದ. ‘ಒಂದರಲ್ಲಿ ಇಲಿ,’ ಎಂದರಂತೆ. ಅಣ್ಣ ನಕ್ಕ. ಅವರು ನಗಲಿಲ್ಲ. ಅಣ್ಣನಿಗೆ ಅಲ್ಲೇ ಪ್ರೀತಿ ಹುಟ್ಟಿತು. ದರ್ಜಿಗೆ ಅಲ್ಲೇ ಭಯ ಹುಟ್ಟಿತು. ಅದಾಗಿ ಎಷ್ಟೋ ವರ್ಷವಾದರೂ ಇಬ್ಬರದ್ದೂ ಇಳಿದಿಲ್ಲ.

ಅತ್ತಿಗೆ ಉಗುರು ಎಂದೂ ಬೆಳೆಸಿದವರಲ್ಲ. ಮೈಗೆ ಯಾವಾಗಲೂ ಮರದ ಹೊಟ್ಟಿನ ಸಣ್ಣ ವಾಸನೆ. ಊಟಕ್ಕೆ ಕೂತಾಗ ಯಾರಾದರೂ ಪ್ರಶ್ನೆ ಕೇಳಿದರೆ ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿದ ಮೇಲೆಯೇ ಉತ್ತರ. ಅಷ್ಟರಲ್ಲಿ ಕೇಳಿದವರಿಗೆ ಪ್ರಶ್ನೆ ಮರೆತಿರುತ್ತಿತ್ತು. ಸಿಟ್ಟು, ಸಂತೋಷ, ದುಃಖ ಯಾವುದೂ ಮುಖಕ್ಕೆ ಬರುತ್ತಿರಲಿಲ್ಲ. ಒಂದೇ ಒಂದು ಗುರುತೆಂದರೆ, ಒಳಗೆ ಏನಾದರೂ ದೊಡ್ಡದು ನಡೆದರೆ ಕಿವಿ ಕೆಂಪಾಗುತ್ತಿತ್ತು. ಮನೆಯವರೆಲ್ಲ ಹವಾಮಾನ ನೋಡುವಂತೆ ಅವರ ಕಿವಿ ನೋಡುತ್ತಿದ್ದರು.

ಅವರ ಕೆಲಸ ಏನೆಂಬುದು ಮನೆಯಲ್ಲಿ ಎಲ್ಲರಿಗೂ ಅರ್ಧರ್ಧ ಗೊತ್ತಿತ್ತು. ಬಸುರಿ ಇಲಿಗಳಲ್ಲಿ ಕೆಲವಕ್ಕೆ ಬರೀ ನೀರು, ಕೆಲವಕ್ಕೆ ನೀರಿನಲ್ಲಿ ಅತ್ಯಲ್ಪ ಹೆಣ್ಣು ಹಾರ್ಮೋನು. ಆಮೇಲೆ ಹುಟ್ಟುವ ಗಂಡುಮರಿಗಳು ಗಂಡಾಗಿಯೇ ಬೆಳೆಯುತ್ತವೆಯೇ, ಹೊಟ್ಟೆಯೊಳಗಿನ ಬೀಜ ಸರಿಯಾದ ಹೊತ್ತಿಗೆ ಕೆಳಗಿಳಿಯುತ್ತದೆಯೇ, ಮುಂದೆ ಅಪ್ಪನಾಗುವ ಶಕ್ತಿ ಬರುತ್ತದೆಯೇ ಎಂದು ನೋಡಬೇಕು. ಗಂಡು ಗಂಡಾಗುವುದು ಹುಟ್ಟಿದ ಮೇಲಲ್ಲ, ಗರ್ಭದಲ್ಲಿರುವಾಗಲೇ ಒಂದು ಸಣ್ಣ ಅವಧಿಯಲ್ಲಿ. ಆಗ ತಪ್ಪು ಹಾರ್ಮೋನು ಒಂದು ತೊಟ್ಟು ಬಿದ್ದರೂ ಕಟ್ಟಡದ ಪಾಯ ವಾರೆಯಾಗಬಹುದು ಎಂಬುದು ಅತ್ತಿಗೆಯ ಅನುಮಾನ. ಆದರೆ ವರ್ಷಗಟ್ಟಲೆ ಅಳೆದರೂ ಅವರ ಗಂಡಿಲಿಗಳು ಎರಡೂ ಗುಂಪಿನಲ್ಲಿ ಒಂದೇ ಸಮ ಇದ್ದವು. ಇಷ್ಟು ಕಡಿಮೆ ಪ್ರಮಾಣದಲ್ಲಿ ಏನೂ ಆಗುವುದಿಲ್ಲ ಎಂದು ಬರೆದು ಮುಗಿಸಿಬಿಡಿ ಎಂದು ಅವರ ಮೇಲಿನವರು, ಎಲ್ಲರೂ ದೊಡ್ಡ ಮೇಡಂ ಎನ್ನುವವರು, ಆಗಲೇ ಹೇಳಿಯಾಗಿತ್ತು.

“ಒಂದೇ ವಿಚಿತ್ರ,” ಎಂದು ಅತ್ತಿಗೆ ಒಮ್ಮೆ ಊಟದ ಹೊತ್ತಿನಲ್ಲಿ ಹೇಳಿದ್ದರು. “ಹಾರ್ಮೋನು ಕೊಟ್ಟ ಗುಂಪಲ್ಲಿ ಹೆಣ್ಣು ಸ್ವಲ್ಪ ಜಾಸ್ತಿ ಹುಟ್ಟುತ್ತವೆ.”

“ಹುಟ್ಟಲಿ ಬಿಡಮ್ಮ, ಇಲಿಗಾದರೂ ಹೆಣ್ಣಾದರೆ ಬೇಜಾರಿಲ್ಲ,” ಎಂದು ಅತ್ತೆ, ಅಂದರೆ ದರ್ಜಿಯ ತಾಯಿ, ಆ ವಿಚಾರವನ್ನು ಅಲ್ಲಿಗೇ ಮುಗಿಸಿದ್ದರು.

ಸರಿ, ಏಪ್ರನ್ ಸುತ್ತಿಕೊಂಡ ದರ್ಜಿ ಇಲಿಮನೆಯ ಮೂಲೆಯಲ್ಲಿ, ಕಾಳಿನ ಚೀಲಗಳ ಮೇಲೆ ಕೂತು, ತೊಡೆಯ ಮೇಲೆ ತನ್ನದೇ ಪ್ಯಾಂಟು ಹರಡಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದ. ಸೂಜಿ ಯಾವಾಗಲೂ ಕಾಲರಿನಲ್ಲಿ ಇರುತ್ತಿತ್ತು. ಎದುರಿಗೆ ರ್ಯಾಕಿನ ಮೇಲೆ ರ್ಯಾಕು, ಅದರ ತುಂಬ ಮಬ್ಬು ಪ್ಲಾಸ್ಟಿಕ್ಕಿನ ಡಬ್ಬಿಗಳು, ಪ್ರತಿ ಡಬ್ಬಿಯ ಮುಂದೆ ಒಂದು ಕಾರ್ಡು. ಒಳಗೆ ಬಿಳಿ ಇಲಿಗಳು ಹೊಟ್ಟನ್ನು ಕೆದಕುವ ಸರಬರ ಸದ್ದು. ಅತ್ತಿಗೆ ಕೈ ತೊಳೆಯುತ್ತಿದ್ದರು. ಆಗ ಶಿಸ್ತಪ್ಪ ಒಂದು ಡಬ್ಬಿಯ ಮುಚ್ಚಳ ತೆಗೆದವರು ಮುಚ್ಚುವುದನ್ನೇ ಮರೆತು ನಿಂತರು.

“ಮೇಡಂ. ಇಲ್ಲಿ ಮರಿ ಬಿದ್ದಿವೆ.”

“ಬಸುರಿ ಡಬ್ಬಿಯಲ್ಲಿ ಬೀಳ್ತವೆ.”

“ಇದು ಹೆಣ್ಣುಗಳ ಡಬ್ಬಿ. ಬರೀ ಹೆಣ್ಣುಗಳು.”

ಅತ್ತಿಗೆ ನೀರಿನ ನಲ್ಲಿ ನಿಲ್ಲಿಸಿದರು. ದರ್ಜಿ ಅವರ ಕಿವಿ ನೋಡಿದ. ಇನ್ನೂ ಬಣ್ಣ ಏರಿರಲಿಲ್ಲ.

ಡಬ್ಬಿಯೊಳಗೆ ಹಾರ್ಮೋನು ಕೊಟ್ಟ ಬೇರೆ ಬೇರೆ ತಾಯಂದಿರಿಗೆ ಹುಟ್ಟಿ ಒಟ್ಟಿಗೆ ಬೆಳೆದ ಐದು ಹೆಣ್ಣಿಲಿಗಳಿದ್ದವು. ಅವುಗಳಲ್ಲಿ ಒಂದು, ಸಿಪ್ಪೆ ಸುಲಿದ ಕಡಲೆಯಂಥ ಗುಲಾಬಿ ಮರಿಗಳ ರಾಶಿಯ ಮೇಲೆ ಮಲಗಿತ್ತು. ಇನ್ನು ಮೂರು ಇಲಿಗಳ ಹೊಟ್ಟೆ ಬಲೂನು. ಮೂಲೆಯಲ್ಲಿ ಒಂದು ಮಾತ್ರ ತೆಳ್ಳಗೆ, ಬೆಳ್ಳಗೆ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಮೀಸೆ ಒರೆಸಿಕೊಳ್ಳುತ್ತ ಕೂತಿತ್ತು. ಗಾತ್ರದಲ್ಲಿ ಎಲ್ಲರಿಗಿಂತ ಸಣ್ಣದು ಎಂದು ಇಲಿಮನೆಯವರು ಅದಕ್ಕೆ ಪುಟ್ಟಕ್ಕ ಎಂದು ಹೆಸರಿಟ್ಟಿದ್ದರು.

“ಶಿಸ್ತು ಇಲ್ಲದಿದ್ದರೆ ಹೀಗೇ,” ಎಂದರು ಶಿಸ್ತಪ್ಪ. “ನಿಯಮ ನಿಮಗೂ ಗೊತ್ತು. ಎಲ್ಲಿಂದಲೋ ಗಂಡು ಬೆರೆತಿದೆ ಅಂದ್ರೆ ಈ ರ್ಯಾಕನ್ನೇ ನಂಬೋ ಹಾಗಿಲ್ಲ. ಮಧ್ಯಾಹ್ನ ದೊಡ್ಡ ಮೇಡಂ ಬರ್ತಾರೆ. ನೋಡಿದರೆ ಪೂರ್ತಿ ಖಾಲಿ ಮಾಡಿಸ್ತಾರೆ. ಇಲಿಗಳಿಗೆ ಅಲ್ಲಿಗೆ ಮಂಗಳ.”

ರ್ಯಾಕು ಖಾಲಿಯಾಯಿತೆಂದರೆ ಅತ್ತಿಗೆಯ ಅಷ್ಟು ವರ್ಷಗಳ ದುಡಿಮೆ ಹಳೆಯ ಹೊಟ್ಟಿನ ಜೊತೆ ಚೀಲ ಸೇರಿದಂತೆ. ಜೊತೆಗೆ, ಗಂಡು ಹೆಣ್ಣು ಬೇರೆಯಿಡಲು ಬರದವರು ಎಂಬ ಬಿರುದು ಬೇರೆ. ಮಧ್ಯಾಹ್ನದೊಳಗೆ ಆ ಮರಿಗಳ ಅಪ್ಪ ಸಿಗಬೇಕು. ಅಷ್ಟು ದರ್ಜಿಗೂ ಅರ್ಥವಾಯಿತು. ಸೂಜಿ ಅರ್ಧಕ್ಕೆ ನಿಂತಿತು.

“ಬೀದಿ ಇಲಿ ನುಗ್ಗಿರಬಹುದಾ ಅತ್ತಿಗೆ? ಚರಂಡಿಯಿಂದ?”

“ಮುಚ್ಚಳ ತೆಗೆದು, ಒಳಗೆ ಹೋಗಿ, ಕೆಲಸ ಮುಗಿಸಿ, ಹೊರಗೆ ಬಂದು, ಮತ್ತೆ ಕೊಂಡಿ ಹಾಕಿ ಹೋಯ್ತಾ?”

“ಅಷ್ಟು ಶಿಸ್ತು ಬೀದಿ ಇಲಿಗೆ ಬರಲ್ಲ,” ಎಂದರು ಶಿಸ್ತಪ್ಪ. “ಹೊರಗಿನ ಗಂಡಸು ಯಾರೂ ಈ ಕೋಣೆಗೆ ಕಾಲಿಟ್ಟಿಲ್ಲ.” ಹಾಗೆಂದು ನಿಧಾನವಾಗಿ ಚೀಲದ ಮೇಲೆ ಕೂತವನ ಕಡೆ ತಿರುಗಿದರು.

“ನಾನು ಇವತ್ತೇ ಬಂದಿದ್ದು ಸಾರ್,” ಎಂದ ದರ್ಜಿ.

ಅಷ್ಟರಲ್ಲಿ ಅವನೂ ಎದ್ದು ಬಂದಿದ್ದ. ಏಪ್ರನ್ನಿನ ಅಂಚನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಡಬ್ಬಿಯೊಳಗೆ ಇಣುಕಿದ. ಉಳಿದ ನಾಲ್ಕು ಜನ ಹೀಗೆ ಹೊಟ್ಟೆಯನ್ನೋ ಮರಿಗಳನ್ನೋ ಮುಂದಿಟ್ಟುಕೊಂಡು ಕೂತಿರುವಾಗ ಪುಟ್ಟಕ್ಕ ಒಬ್ಬಳೇ ತಲೆ ತಗ್ಗಿಸಿಕೊಂಡು ಇರುವುದು ಅವನ ಮನಸ್ಸಿಗೆ ತಾಗಿತು.

“ಏನೇ ಹೇಳಿ, ಇವಳೊಬ್ಬಳು ಮರ್ಯಾದಸ್ಥೆ.”

“ಮೊದಲಿಂದ್ಲೂ ಅಷ್ಟೇ,” ಎಂದರು ಶಿಸ್ತಪ್ಪ, ಸ್ವಲ್ಪ ಸಮಾಧಾನ ತಂದುಕೊಂಡು. “ಜಗಳ ಇಲ್ಲ, ಕಚ್ಚೋದಿಲ್ಲ. ಎಲ್ಲರ ಜೊತೆಗೂ ಹೊಂದಿಕೊಂಡು ಹೋಗ್ತಾಳೆ.”

“ಸ್ವಲ್ಪ ಜಾಸ್ತಿನೇ ಹೊಂದಿಕೊಂಡಿದ್ದಾಳೆ,” ಎಂದರು ಅತ್ತಿಗೆ.

ಇಬ್ಬರು ಗಂಡಸರೂ ಪುಟ್ಟಕ್ಕನಿಗೆ ನಡತೆಯ ಪ್ರಮಾಣಪತ್ರ ಕೊಡುತ್ತಿರುವಾಗಲೇ ಅತ್ತಿಗೆ ಅದನ್ನು ಬಾಲದ ಬುಡದಲ್ಲಿ ಹಿಡಿದು ಎತ್ತಿ, ಅಂಗೈ ಮೇಲೆ ಅಂಗಾತ ಮಾಡಿದ್ದರು. ಕೆಳಗೆ ಏನೂ ಇರಲಿಲ್ಲ. ಹೊಟ್ಟೆಯ ಉದ್ದಕ್ಕೂ ಸಣ್ಣ ಮೊಲೆತೊಟ್ಟುಗಳ ಸಾಲು ಬೇರೆ.

“ನೋಡಿದ್ರಾ, ಹೆಣ್ಣೇ,” ಎಂದು ಶಿಸ್ತಪ್ಪ ಉಸಿರುಬಿಟ್ಟರು.

ಅತ್ತಿಗೆ ಇಲಿಯನ್ನು ತಿರುಗಿ ಕೂರಿಸಿ, ಎರಡೂ ಕೈಯ ಬೊಗಸೆ ಮಾಡಿ ಅದರೊಳಗೆ ಮುಚ್ಚಿಕೊಂಡರು. ಗಂಡಿಲಿ ಹೆದರಿದರೆ ತನ್ನ ಬೀಜವನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳಬಲ್ಲದು. ಬಾಲ ಹಿಡಿದು ಗಾಳಿಯಲ್ಲಿ ತೂಗಿದರೆ ಯಾರಿಗಾದರೂ ಹೆದರಿಕೆಯೇ. ಅದರ ಎದೆಯ ಬಡಿತ ತಗ್ಗುವವರೆಗೆ ಅವರು ಹಾಗೇ ನಿಂತರು. ಆಮೇಲೆ ಮೆಲ್ಲಗೆ ಮಗುಚಿ, ಹೆಬ್ಬೆರಳಿನಿಂದ ಹೊಟ್ಟೆಯ ಕೆಳಭಾಗವನ್ನು ಒಂದಿಷ್ಟೇ ಒತ್ತಿದರು. ಚರ್ಮದಡಿಯಿಂದ ಅವರೆಕಾಳಿಗಿಂತ ಚಿಕ್ಕದಾದ ಎರಡು ಉಬ್ಬುಗಳು, ಒಂದರ ಹಿಂದೊಂದು, ಸಂಕೋಚದಿಂದ ಕೆಳಗಿಳಿದವು.

“ಯಜಮಾನ್ರು ಸಿಕ್ಕರು,” ಎಂದರು ಅತ್ತಿಗೆ.

ಶಿಸ್ತಪ್ಪ ಒಮ್ಮೆ ಇಲಿಯನ್ನೂ ಒಮ್ಮೆ ಡಬ್ಬಿಯನ್ನೂ ನೋಡಿದರು. “ಮೇಡಂ, ಕಾರ್ಡಿನಲ್ಲಿ ಹೆಣ್ಣು ಅಂತ ಬರೆದಿದೆ.”

“ಅದಕ್ಕೆ ಓದೋಕೆ ಬರಲ್ಲ.”

ದರ್ಜಿಗೆ ನಗು ತಡೆಯಲಾಗಲಿಲ್ಲ. ಇಷ್ಟು ದಿನ ವಾರಕ್ಕೊಮ್ಮೆ ಹೊಟ್ಟು ಬದಲಿಸಿದವರೆಲ್ಲ ಕಾರ್ಡು ಓದಿದ್ದಾರೆ, ಇಲಿಯನ್ನು ನೋಡಿಲ್ಲ. ಪುಟ್ಟಕ್ಕ ಎಂಬ ಹೆಸರಿನ ಮರೆಯಲ್ಲಿ ಆಸಾಮಿ ನಾಲ್ಕು ಸಂಸಾರ ನಡೆಸಿದ್ದಾನೆ. ಆದರೆ ನಕ್ಕವನು ಅತ್ತಿಗೆಯ ಕಡೆ ನೋಡಿ ನಿಲ್ಲಿಸಿದ. ಅವರು ಕಾರ್ಡನ್ನೇ ದಿಟ್ಟಿಸುತ್ತಿದ್ದರು.

“ಇದು ಯಾರ ಕೈಬರಹ?” ಎಂದು ಶಿಸ್ತಪ್ಪ ಕೇಳಿದರು. ಅವರಿಗೆ ಗೊತ್ತಿತ್ತು.

“ನನ್ನದೇ. ಹುಟ್ಟಿದ ದಿನ ನಾನೇ ಅಳೆದಿದ್ದು, ನಾನೇ ಬರೆದಿದ್ದು.”

“ಹಾಗಾದ್ರೆ ಮೇಡಂ… ತಪ್ಪು ನಿಮ್ಮ ಕಡೆಯಿಂದಾನೇ ಆಗಿದೆ ಅಂತ ಹೇಳಬೇಕಾಗುತ್ತೆ. ನನಗೂ ಬೇಜಾರೇ. ಆದರೆ ಶಿಸ್ತು.”

ಅತ್ತಿಗೆ ಒಂದು ಜೇಬಿನಿಂದ ಕ್ಯಾಲಿಪರ್ ತೆಗೆದರು. ಎರಡು ಚೂಪು ತುದಿಗಳ ನಡುವಿನ ಅಂತರವನ್ನು ಕೂದಲೆಳೆಯಷ್ಟು ಸರಿಯಾಗಿ ಹೇಳುವ ಅಳತೆಗೋಲು ಅದು. ಅದನ್ನು ತೆರೆದರು, ಮುಚ್ಚಿದರು, ತೆರೆದರು. ಆಮೇಲೆ ದರ್ಜಿ ನೋಡುತ್ತಿದ್ದಂತೆಯೇ ಅವರ ಎರಡೂ ಕಿವಿ ಕೆಂಪಾದವು. ಹಾಗೆ ಕೆಂಪಾದದ್ದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಅಣ್ಣನನ್ನು ಮದುವೆಯಾದ ದಿನವೂ ಕಂಡಿರಲಿಲ್ಲ.

“ಸೂಜಿ ಕೆಳಗಿಡು,” ಎಂದರು. “ಬಾ ಇಲ್ಲಿ. ಡಬ್ಬಿ ಇಳಿಸಬೇಕು. ಹೆಣ್ಣು ಅಂತ ಬರೆದಿರೋ ಡಬ್ಬಿ ಎಲ್ಲಾ.”

“ಅತ್ತಿಗೆ, ನನ್ನ ಪ್ಯಾಂಟು…”

“ಪ್ಯಾಂಟು ಓಡಿಹೋಗಲ್ಲ. ಇಲಿಗಳು ಹೋಗ್ತವೆ.”

ಡಬ್ಬಿ ಇಳಿಸುತ್ತಲೇ ಅವರು ಹೇಳಿದರು. ಹುಟ್ಟಿದ ಮರಿಯಲ್ಲಿ ಗಂಡು ಹೆಣ್ಣು ತಿಳಿಯಲು ಬೇರೆ ಗುರುತು ಕಾಣುವುದಿಲ್ಲ. ಬಾಲದ ಕೆಳಗೆ ಎರಡು ಸಣ್ಣ ದ್ವಾರ ಇರುತ್ತವೆ, ಮುಂದಿನದು ಒಂದು, ಹಿಂದಿನದು ಒಂದು. ನಡುವಿನ ಅಂತರ ಗಂಡಿನಲ್ಲಿ ದೂರ, ಹೆಣ್ಣಿನಲ್ಲಿ ಹತ್ತಿರ. ಅದನ್ನು ಅಳೆದು ದೂರ ಇದ್ದರೆ ಗಂಡಿನ ಡಬ್ಬಿಗೆ, ಹತ್ತಿರ ಇದ್ದರೆ ಹೆಣ್ಣಿನ ಡಬ್ಬಿಗೆ.

“ಅದರಲ್ಲೇನು ತಪ್ಪು?” ಎಂದ ದರ್ಜಿ.

ಅತ್ತಿಗೆ ನಿಂತರು. ಅವನ ಮುಖ ನೋಡಿದರು. ಅವರು ಇಷ್ಟು ವೇಗವಾಗಿ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

“ನೀನು ಒಂದು ಬಟ್ಟೆ ಒಗೆದರೆ ಕುಗ್ಗುತ್ತಾ ಅಂತ ಪರೀಕ್ಷೆ ಮಾಡ್ತಿದ್ದೀಯ ಅಂದ್ಕೋ. ಗಂಡಸರ ಅಂಗಿ, ಹೆಂಗಸರ ಅಂಗಿ ಎರಡನ್ನೂ ಒಟ್ಟಿಗೆ ಒಗೀತೀಯ. ಒಗೆದ ಮೇಲೆ ಉದ್ದ ನೋಡಿ ಬೇರೆ ಮಾಡ್ತೀಯ. ಉದ್ದ ಇದ್ದದ್ದು ಗಂಡಸರದು, ಗಿಡ್ಡ ಇದ್ದದ್ದು ಹೆಂಗಸರದು. ಆಮೇಲೆ ಗಂಡಸರ ಗುಡ್ಡೆ ಮಾತ್ರ ಅಳೀತೀಯ. ಏನು ಸಿಗುತ್ತೆ?”

ದರ್ಜಿ ಯೋಚಿಸಿದ. “ಎಲ್ಲಾ ಉದ್ದಾನೇ ಇರ್ತವೆ. ಯಾವುದೂ ಕುಗ್ಗಿಲ್ಲ ಅಂತೀನಿ.”

“ಮತ್ತೆ ಕುಗ್ಗಿದವು ಎಲ್ಲಿ?”

“ಹೆಂಗಸರ ಗುಡ್ಡೆಯಲ್ಲಿ.” ಹೇಳಿದ ಮೇಲೆ ಅವನ ಬಾಯಿ ತೆರೆದೇ ಉಳಿಯಿತು. “ಅಯ್ಯೋ ಅತ್ತಿಗೆ. ಹಾರ್ಮೋನಿನಿಂದ ಆ ಅಂತರಾನೇ ಕುಗ್ಗೋದಾದರೆ…”

“ಅದೇ. ಯಾವುದಕ್ಕೆ ಪೆಟ್ಟು ಬಿದ್ದಿದೆಯೋ ಅದನ್ನೆಲ್ಲ ಮೊದಲ ದಿನವೇ ನಾನೇ ಎತ್ತಿ ಪಕ್ಕಕ್ಕಿಟ್ಟಿದ್ದೀನಿ. ಗಟ್ಟಿಮುಟ್ಟಾಗಿ ಉಳಿದವನ್ನ ಅಳೆದು, ಏನೂ ಆಗಿಲ್ಲ ಅಂತ ಕೂತಿದ್ದೀನಿ.” ಅವರು ಕ್ಯಾಲಿಪರನ್ನು ಕಟ್ಟೆಯ ಮೇಲಿಟ್ಟರು. “ಹೆಣ್ಣು ಜಾಸ್ತಿ ಹುಟ್ಟಿದ್ದಲ್ಲ. ನಾನು ಜಾಸ್ತಿ ಮಾಡಿದ್ದು.”

ಶಿಸ್ತಪ್ಪನವರಿಗೂ ಈಗ ಅರ್ಥವಾಗಿತ್ತು. ಅವರು ಗಡಿಯಾರ ನೋಡಿದರು, ಬಾಗಿಲು ನೋಡಿದರು, ತಮ್ಮ ಬಾಳಿನಲ್ಲಿ ಬಹುಶಃ ಮೊದಲ ಬಾರಿಗೆ ಕೈ ತೊಳೆಯದೆ ಅಂಗಿ ತೋಳು ಮಡಚಿದರು.

“ಮೊದಲು ಬರೀ ನೀರಿನ ಗುಂಪು,” ಎಂದರು ಅತ್ತಿಗೆ.

“ಅದರಲ್ಲಿ ಏನು ಸಿಗುತ್ತೆ ಮೇಡಂ?”

“ಏನೂ ಸಿಗಬಾರದು. ಸಿಕ್ಕರೆ ನನ್ನ ಕಣ್ಣು ಕೆಟ್ಟಿದೆ ಅಂತ. ಆಗ ರ್ಯಾಕು ಖಾಲಿ ಮಾಡಿ, ನನ್ನನ್ನೂ ಚೀಲಕ್ಕೆ ಹಾಕಿ.”

ಕೈಗವಸು ಹಾಕಿಕೊಂಡು ದರ್ಜಿ ಮುಚ್ಚಳ ತೆಗೆಯುವವನು, ಶಿಸ್ತಪ್ಪ ಇಲಿ ಎತ್ತಿಕೊಡುವವರು, ಅತ್ತಿಗೆ ಬೊಗಸೆಯಲ್ಲಿ ಬೆಚ್ಚಗೆ ಮಾಡಿ ಒತ್ತಿ ನೋಡುವವರು. ಒಂದು ಇಲಿ, ಹೆಣ್ಣು. ಮತ್ತೊಂದು, ಹೆಣ್ಣು. ಡಬ್ಬಿಯ ಮೇಲೆ ಡಬ್ಬಿ ಹೋಯಿತು. ಹೆಣ್ಣು, ಹೆಣ್ಣು, ಹೆಣ್ಣು. ಕೊನೆಯ ಇಲಿಯನ್ನು ಅವರು ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡರು. ಒತ್ತಿದರು. ಸ್ವಲ್ಪ ಬಿಟ್ಟು ಮತ್ತೆ ಒತ್ತಿದರು.

“ಹೆಣ್ಣು. ನೀರಿನ ಗುಂಪು ಮುಗೀತು. ಒಂದೂ ಇಲ್ಲ.”

“ದೇವರು ದೊಡ್ಡವನು,” ಎಂದ ದರ್ಜಿ.

“ಕ್ಯಾಲಿಪರೂ ಪರವಾಗಿಲ್ಲ,” ಎಂದರು ಅತ್ತಿಗೆ. “ಈಗ ಹಾರ್ಮೋನಿನ ಗುಂಪು.”

ಮೊದಲ ಡಬ್ಬಿಯಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ. ದರ್ಜಿ ಉಗುರು ಕಚ್ಚಲು ಕೈಯೆತ್ತಿ, ಕೈಗವಸು ಕಚ್ಚಿದ. ಮುಂದಿನ ಡಬ್ಬಿಯಲ್ಲಿ ದಪ್ಪಗೆ, ಸೋಮಾರಿಯಾಗಿ ಮಲಗಿದ್ದ ಇಲಿಯೊಂದನ್ನು ಶಿಸ್ತಪ್ಪ ಎತ್ತಿಕೊಟ್ಟರು. ಅತ್ತಿಗೆ ಒತ್ತಿದರು. ಎರಡು ಪುಟಾಣಿ ಉಬ್ಬು ಇಳಿದುಬಂದವು.

“ಯಜಮಾನ್ರು,” ಎಂದು ದರ್ಜಿಯೂ ಶಿಸ್ತಪ್ಪನೂ ಒಟ್ಟಿಗೆ ಹೇಳಿದರು.

ಅಲ್ಲಿಂದ ಇಲಿಮನೆಗೆ ಹಬ್ಬದ ಕಳೆ ಬಂತು. ಒಂದು ಡಬ್ಬಿ ಖಾಲಿ ಹೋಗುತ್ತಿತ್ತು, ಮುಂದಿನದರಲ್ಲಿ ಯಜಮಾನರು ಸಿಗುತ್ತಿದ್ದರು. ಕೆಲವರದ್ದು ಒಂದೇ ಬೀಜ ಇಳಿದಿತ್ತು, ಕೆಲವರದ್ದು ಒತ್ತಿದರೂ ಹೊಟ್ಟೆಯಲ್ಲೇ ಸಿಕ್ಕಿಕೊಂಡು ಬೆರಳಿಗೆ ಮಾತ್ರ ತಾಗುತ್ತಿತ್ತು. ಪುಟ್ಟಕ್ಕನ ಹಾಗೆ ಸಂಸಾರ ಮಾಡಿದವರು ಬೇರೆ ಯಾರೂ ಇರಲಿಲ್ಲ. ಒಬ್ಬನಿಗೆ ಆದದ್ದು ಉಳಿದವರಿಗೆ ಯಾಕಾಗಲಿಲ್ಲ ಎಂದು ಅತ್ತಿಗೆ ತಮಗೆ ತಾವೇ ಕೇಳಿಕೊಂಡರು, ಕೇಳಿಕೊಂಡು ಇನ್ನಷ್ಟು ಬೇಗ ಕೈ ಆಡಿಸಿದರು. ಕಿವಿ ಈಗ ಉರಿಯುವ ಕೆಂಡ. ಶಿಸ್ತಪ್ಪ ಪ್ರತಿ ಸಲ ‘ಇನ್ನೊಬ್ಬರು’ ಎಂದು ಕೂಗುತ್ತಿದ್ದರು, ಮದುವೆ ಮನೆಯಲ್ಲಿ ನೆಂಟರನ್ನು ಬರಮಾಡಿಕೊಳ್ಳುವವರ ಹಾಗೆ.

ಆ ಗದ್ದಲದ ನಡುವೆ ದೊಡ್ಡ ಮೇಡಂ ಬಂದು ಬಾಗಿಲಲ್ಲಿ ನಿಂತಿದ್ದು ಯಾರಿಗೂ ತಿಳಿಯಲಿಲ್ಲ. ಅವರ ಕಡೆ ಬೆನ್ನು ಮಾಡಿ ಡಬ್ಬಿ ಎತ್ತುತ್ತಿದ್ದವನು ದರ್ಜಿ. ಏಪ್ರನ್ನಿನ ಲಾಡಿ ಅಷ್ಟರಲ್ಲಿ ಸಡಿಲವಾಗಿತ್ತು.

“ಇವರು ಯಾರು?” ಎಂದು ದೊಡ್ಡ ಮೇಡಂ ಕೇಳಿದರು.

“ನನ್ನ ಮೈದುನ,” ಎಂದರು ಅತ್ತಿಗೆ. “ಹೊಲಿಗೆ ಬಿಟ್ಟಿದೆ.”

ದರ್ಜಿ ಡಬ್ಬಿಯನ್ನು ಎದುರಿಗೆ ಹಿಡಿದುಕೊಂಡು, ಗೋಡೆಗೆ ಬೆನ್ನು ಹಚ್ಚಿ, ಏಡಿಯ ಹಾಗೆ ಅಡ್ಡಡ್ಡ ನಡೆದು ಚೀಲದ ಮೇಲೆ ಕೂತ. ಅಲ್ಲಿಂದಲೇ ಎಲ್ಲವನ್ನೂ ಕೇಳಿಸಿಕೊಂಡ. ಅತ್ತಿಗೆ ಏನನ್ನೂ ಮುಚ್ಚಿಡಲಿಲ್ಲ. ಆರಿಸಿದ ಕೈ ನನ್ನದು, ಆರಿಸಿದ ರೀತಿಯೇ ತಪ್ಪು, ಗಂಡಿಲಿಗಳ ಬಗ್ಗೆ ಇಲ್ಲಿಯವರೆಗೆ ಬರೆದದ್ದು ನಿಲ್ಲುವುದಿಲ್ಲ ಎಂದರು. ಆಮೇಲೆ ನೀರಿನ ಗುಂಪಿನ ಡಬ್ಬಿಗಳನ್ನು ತೋರಿಸಿದರು, ಹಾರ್ಮೋನಿನ ಗುಂಪಿನಿಂದ ಬೇರೆ ಮಾಡಿದ ಯಜಮಾನರ ಡಬ್ಬಿಯನ್ನು ತೋರಿಸಿದರು. ದೊಡ್ಡ ಮೇಡಂ ಒಂದೊಂದೇ ಕಾರ್ಡು ಓದುತ್ತ ಹೋದರು. ದರ್ಜಿ ಸೂಜಿಯನ್ನು ಬಟ್ಟೆಗೆ ಚುಚ್ಚುವ ಬದಲು ಬೆರಳಿಗೆ ಚುಚ್ಚಿಕೊಂಡ.

“ಆ ಅಪ್ಪನನ್ನು ಕೊಡಿ ಇಲ್ಲಿ,” ಎಂದರು ದೊಡ್ಡ ಮೇಡಂ ಕೊನೆಗೆ.

ಪುಟ್ಟಕ್ಕ ಅವರ ಬೊಗಸೆಗೆ ಹೋಯಿತು. ಅವರೂ ಕಾದರು, ಅವರೂ ಒತ್ತಿದರು. ಅವರ ಹುಬ್ಬು ನಿಧಾನವಾಗಿ ಮೇಲೆ ಹೋಯಿತು.

“ಎಲ್ಲಾ ಮೊದಲಿಂದ ಮಾಡಬೇಕಾಗುತ್ತೆ. ಗೊತ್ತಲ್ಲ?”

“ಗೊತ್ತು.”

“ಈ ಸಲ ಅಂತರ ನೋಡಿ ಆರಿಸೋ ಹಾಗಿಲ್ಲ. ರಕ್ತದಲ್ಲಿ ನೋಡಿ, ಜೀನು ನೋಡಿ, ಗಂಡು ಹೆಣ್ಣು ತೀರ್ಮಾನ ಮಾಡಿ. ಅಂತರ ಆಮೇಲೆ.” ಇಲಿಯನ್ನು ಹಿಂದಕ್ಕೆ ಕೊಡುತ್ತ ಅವರು ಶಿಸ್ತಪ್ಪನ ಕಡೆ ತಿರುಗಿದರು. “ರ್ಯಾಕು ಮುಟ್ಟಬೇಡಿ. ಒಂದು ಹುಲ್ಲುಕಡ್ಡಿಯೂ ಇಲ್ಲಿಂದ ಆಚೆ ಹೋಗಬಾರದು.”

“ಶಿಸ್ತು ಮೇಡಂ,” ಎಂದು ಶಿಸ್ತಪ್ಪ ಎದೆ ಸೆಟೆಸಿ ನಿಂತರು. ದೊಡ್ಡ ಮೇಡಂ ಹೋದ ಮೇಲೆ ಅವರು ಕಾರ್ಡಿನಲ್ಲಿದ್ದ ‘ಹೆಣ್ಣು’ ಎಂಬುದನ್ನು ಅಡ್ಡಗೀಟು ಹಾಕಿ ಹೊಡೆದರು, ಪಕ್ಕದಲ್ಲಿ ‘ಗಂಡು’ ಎಂದು ಬರೆದರು, ಸಹಿ ಹಾಕಿದರು. ಪುಟ್ಟಕ್ಕ ಎಂಬ ಹೆಸರಿನ ಮೇಲೆ ಪೆನ್ನು ತುಂಬ ಹೊತ್ತು ತೂಗಾಡಿ, ಹಾಗೇ ಜೇಬಿಗೆ ಹೋಯಿತು.

ದರ್ಜಿ ಆ ಸಂಜೆ ಮನೆಯಲ್ಲಿ ಕಥೆಯನ್ನು ನಿಂತೇ ಹೇಳಿದ. ಕೂರುವುದಕ್ಕೆ ಹೊಸ ಹೊಲಿಗೆಯ ಮೇಲೆ ಅವನಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಬೀದಿ ಇಲಿಯ ಅನುಮಾನ ಶಿಸ್ತಪ್ಪನವರದ್ದೆಂದ, ಅಂಗಿಯ ಹೋಲಿಕೆ ತನ್ನದೆಂದ, ಪ್ಯಾಂಟಿನ ಸುದ್ದಿಯನ್ನು ಹಾರಿಸಿಯೇಬಿಟ್ಟ. ಅತ್ತಿಗೆ ತಿದ್ದಲಿಲ್ಲ. ತಟ್ಟೆಯ ಮುಂದೆ ಕೂತು ಊಟ ಮಾಡುತ್ತಿದ್ದರು. ಕಿವಿ ಮಾತ್ರ ಇನ್ನೂ ತಣ್ಣಗಾಗಿರಲಿಲ್ಲ. ಅಣ್ಣ ಅದನ್ನೇ ನೋಡುತ್ತ, ಸುಮ್ಮಸುಮ್ಮನೆ ನಗುತ್ತ, ಅವರ ಲೋಟಕ್ಕೆ ತುಂಬಿದ ಮೇಲೂ ನೀರು ಸುರಿಯುತ್ತಿದ್ದ.

ಅತ್ತೆ ಎಲ್ಲವನ್ನೂ ಗಲ್ಲಕ್ಕೆ ಕೈಹಚ್ಚಿ ಕೇಳಿದರು. ಹಾರ್ಮೋನು, ಅಂತರ, ನೀರಿನ ಗುಂಪು ಯಾವುದೂ ಅವರ ಮನಸ್ಸಿನಲ್ಲಿ ನಿಲ್ಲಲಿಲ್ಲ. ನಿಂತದ್ದು ಬಾಣಂತಿ ಮತ್ತು ಮರಿಗಳು ಮಾತ್ರ.

“ಅದೆಲ್ಲಾ ಇರಲಿ ಕಣಮ್ಮ. ಮರಿಗಳು ಯಾರ ಹಾಗಿವೆ? ಅಪ್ಪನ ಹಾಗೋ, ಅಮ್ಮನ ಹಾಗೋ?”

ಅತ್ತಿಗೆ ಬಾಯಲ್ಲಿದ್ದ ತುತ್ತನ್ನು ಪೂರ್ತಿ ಅಗಿದು ನುಂಗಿದರು.

“ಅಮ್ಮನ ಹಾಗೇ ಅತ್ತೆ. ಅಪ್ಪನೂ ಅಮ್ಮನ ಹಾಗೇ ಇದ್ದಾನೆ.”